ಸೊನ್ನೆಯಿಂದ ಶುರುವಾಗದ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ಬಿ.ಇ. ಎರಡನೇ ವರ್ಷದವರಿಗೆ ಟ್ಯುಟೋರಿಯಲ್ ತೆಗೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಿಎಚ್‌ಡಿ ಮಾಡುವವರಿಗೆ ಇದು ತಪ್ಪಿದ್ದಲ್ಲ. ವಿಷಯ ಕಂಟ್ರೋಲ್ ಸಿಸ್ಟಮ್ಸ್. ಮೊದಲ ದಿನ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು, ಅದರ ಕೆಳಗೆ ನಾನು ಓದುವಾಗ ನಮ್ಮ ಮೇಷ್ಟ್ರು ಬರೆಯುತ್ತಿದ್ದ ಸಾಲನ್ನೇ ಬರೆದೆ: ‘ಆರಂಭಿಕ ಸ್ಥಿತಿಗಳೆಲ್ಲ ಸೊನ್ನೆ ಎಂದು ಭಾವಿಸಿ.’ ಅದನ್ನು ಬರೆಯುವಾಗ ನಾನು ಯೋಚಿಸಲೂ ಇಲ್ಲ. ಪುಸ್ತಕದಲ್ಲಿ ಹಾಗೇ ಇದೆ, ಪ್ರಶ್ನೆಪತ್ರಿಕೆಯಲ್ಲಿ ಹಾಗೇ ಬರುತ್ತದೆ, ನಾನೂ ಹತ್ತು ವರ್ಷದಿಂದ ಹಾಗೇ ಬರೆದುಕೊಂಡು ಬಂದಿದ್ದೇನೆ.

ತರಗತಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು ನಿಂತ. ಎಚ್.ಡಿ. ಕೋಟೆ ಕಡೆಯವನು. ನಾನು ಹುಣಸೂರಿನವಳು ಎಂದು ಯಾರಿಂದಲೋ ತಿಳಿದುಕೊಂಡಿದ್ದ. ಹಾಗಾಗಿ ಉಳಿದವರಿಗೆ ನಾನು ‘ಮ್ಯಾಮ್’ ಆಗಿದ್ದರೆ ಅವನಿಗೆ ‘ಅಕ್ಕ’.

“ಅಕ್ಕ, ಅದ್ಯಾಕೆ ಸೊನ್ನೆ ಅಂದ್ಕೋಬೇಕು?”

“ಲೆಕ್ಕ ಸಲೀಸಾಗುತ್ತೆ ಅಂತ.”

“ಸರಿ. ಆದ್ರೆ ಯಾವ ಸಿಸ್ಟಮ್ ಸೊನ್ನೆಯಿಂದ ಶುರುವಾಗುತ್ತೆ?”

ಮುಂದಿನ ವಾರ ಆ ಪಾಠ ಬರುತ್ತದೆ ಎಂದು ಹೇಳಿ ಕಳಿಸಿದೆ. ಪಾಠವೇನೋ ಬರುತ್ತದೆ. ಆದರೆ ಅವನ ಪ್ರಶ್ನೆ ಆ ಪಾಠಕ್ಕಿಂತ ದೊಡ್ಡದಾಗಿತ್ತು. ಹಾಸ್ಟೆಲ್ಲಿಗೆ ನಡೆಯುವಾಗ ನನಗೆ ನೆನಪಾದದ್ದು ಪುಸ್ತಕವಲ್ಲ, ನಮ್ಮ ಮನೆಯ ಜಗುಲಿ.

ಮಳೆಗಾಲದಲ್ಲಿ ಅಪ್ಪ ಪತ್ರಿಕೆ ಬಿಡಿಸಿದರೆ ಮೊದಲು ನೋಡುತ್ತಿದ್ದದ್ದು ಜಲಾಶಯಗಳ ಮಟ್ಟ. ಕೆಆರ್‌ಎಸ್, ಕಬಿನಿ, ಹಾರಂಗಿ, ಹೇಮಾವತಿ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಮ್ಮದು ಮಳೆ ನಂಬಿದ ಹೊಗೆಸೊಪ್ಪಿನ ಜಮೀನು. ಆ ನಾಲ್ಕು ಅಣೆಕಟ್ಟೆಗಳ ಒಂದು ಹನಿ ನೀರೂ ನಮ್ಮ ಹೊಲಕ್ಕೆ ಬರುವುದಿಲ್ಲ. ಆದರೂ ಅಪ್ಪ ಗಟ್ಟಿಯಾಗಿ ಓದುತ್ತಿದ್ದರು. ಅಮ್ಮ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಅವಳ ತವರು ಕೆ.ಆರ್. ನಗರದ ಕಡೆಯ ನಾಲೆಯ ಊರು, ಭತ್ತ ಬೆಳೆಯುವವರು. ಹೊಳೆಯಲ್ಲಿ ನೀರು ಬಂತೆಂದರೆ ಅವಳಿಗೆ ತವರಿನ ಗದ್ದೆ ನೆನಪಾಗುತ್ತಿತ್ತು.

ಎಷ್ಟೋ ವರ್ಷಗಳ ನಂತರ ‘ಸ್ಟೇಟ್’ ಎಂಬ ಪದವನ್ನು ತರಗತಿಯಲ್ಲಿ ಕೇಳಿದಾಗ ಅದು ನನಗೆ ಥಟ್ಟನೆ ಅರ್ಥವಾದದ್ದು ಆ ಪಟ್ಟಿಯ ದೆಸೆಯಿಂದ. ಒಳಹರಿವು ಎಂದರೆ ಇನ್‌ಪುಟ್. ಇಂದಿನ ಮಟ್ಟ ಎಂದರೆ ಸ್ಟೇಟ್, ಅಂದರೆ ಸ್ಥಿತಿ. ಕಬಿನಿಯ ಪೂರ್ಣ ಸಾಮರ್ಥ್ಯ 19.52 ಟಿಎಂಸಿ, ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ವಯನಾಡಿನಲ್ಲಿ ಮಳೆ ಹಿಡಿದು ಒಳಹರಿವು 25,000 ಕ್ಯುಸೆಕ್ ಇದೆ, ಹೊರಗೆ 5,000 ಬಿಡುತ್ತಿದ್ದಾರೆ ಎಂದುಕೊಳ್ಳಿ. ಉಳಿಯುವ 20,000 ಕ್ಯುಸೆಕ್ ದಿನಕ್ಕೆ ಸುಮಾರು 1.73 ಟಿಎಂಸಿ ಆಗುತ್ತದೆ. ಹಾಗಾದರೆ ಕಬಿನಿ ಎಷ್ಟು ದಿನದಲ್ಲಿ ತುಂಬುತ್ತದೆ? ಹೇಳಲಾಗುವುದಿಲ್ಲ. ಬರಿದಾಗಿದ್ದರೆ ಹನ್ನೊಂದು ದಿನಕ್ಕೂ ಸ್ವಲ್ಪ ಹೆಚ್ಚು. ಮೊದಲೇ 15 ಟಿಎಂಸಿ ಇದ್ದರೆ ಮೂರು ದಿನವೂ ಬೇಡ. ಅದೇ ಮಳೆ, ಅದೇ ಅಣೆಕಟ್ಟೆ. ಮಳೆಯನ್ನು ಎಷ್ಟೇ ಕರಾರುವಾಕ್ಕಾಗಿ ಅಳೆದರೂ, ಅಳೆಯಲು ಶುರು ಮಾಡಿದ ಹೊತ್ತಿನಲ್ಲಿ ಒಳಗೆ ಎಷ್ಟಿತ್ತು ಎಂಬ ಒಂದು ಅಂಕಿ ಗೊತ್ತಿಲ್ಲದಿದ್ದರೆ ಲೆಕ್ಕ ಮುಂದೆ ಹೋಗುವುದಿಲ್ಲ. ಆ ಒಂದು ಅಂಕಿಯೇ ಆರಂಭಿಕ ಸ್ಥಿತಿ.

ಅದನ್ನು ‘ಆರಂಭ’ ಎಂದು ಕರೆಯುವುದೇ ಸ್ವಲ್ಪ ಮೋಸ. 15 ಟಿಎಂಸಿ ಆಕಾಶದಿಂದ ಉದುರಿ ಆ ಬೆಳಿಗ್ಗೆ ಶುರುವಾದದ್ದಲ್ಲ. ಹೋದ ವರ್ಷದ ಮಳೆ, ಬೇಸಿಗೆಯಲ್ಲಿ ಬಿಟ್ಟ ನೀರು, ಬಿಸಿಲಿಗೆ ಆವಿಯಾದದ್ದು, ಎಲ್ಲ ಸೇರಿ ಆ ಅಂಕಿಯಾಗಿದೆ. ಹಿಂದೆ ಆದದ್ದರಲ್ಲಿ ಮುಂದಿನದಕ್ಕೆ ಬೇಕಾದಷ್ಟನ್ನು ಒಂದು ಅಂಕಿಯಲ್ಲಿ ಕಟ್ಟಿಟ್ಟ ಗಂಟು ಅದು. ಗಡಿಯಾರವನ್ನು ಸೊನ್ನೆಗೆ ತಿರುಗಿಸುವವರು ನಾವು. ಹೊಳೆಗೆ ಅದರ ಪರಿವೆ ಇಲ್ಲ.

ಮುಂದಿನ ವಾರ ಪಾಠ ಮಾಡಿದೆ. ರೇಖೀಯ ವ್ಯವಸ್ಥೆಯ ಒಂದು ಚೆಂದವೆಂದರೆ ಅದರ ಉತ್ತರವನ್ನು ಎರಡು ಭಾಗ ಮಾಡಿ, ಬೇರೆಬೇರೆ ಲೆಕ್ಕ ಹಾಕಿ, ಕೊನೆಗೆ ಕೂಡಿಸಬಹುದು. ಒಂದು, ಹೊರಗಿನಿಂದ ಏನೂ ಹಾಕದೇ ಇದ್ದರೂ ಮೊದಲೇ ಒಳಗಿದ್ದುದರಿಂದ ಬರುವುದು. ಇನ್ನೊಂದು, ಒಳಗೆ ಏನೂ ಇಲ್ಲ ಎಂದುಕೊಂಡು ಈಗ ಹಾಕಿದ್ದರಿಂದ ಮಾತ್ರ ಬರುವುದು. ನಾವು ಊರೆಲ್ಲ ಬಳಸುವ ಟ್ರಾನ್ಸ್‌ಫರ್ ಫಂಕ್ಷನ್ ಹೇಳುವುದು ಎರಡನೆಯದನ್ನು ಮಾತ್ರ. ಮೊದಲನೆಯದನ್ನು ಅದು ಸೊನ್ನೆ ಎಂದುಕೊಂಡು ಪಕ್ಕಕ್ಕಿಡುತ್ತದೆ.

ಹಾಗೆ ಪಕ್ಕಕ್ಕಿಡುವುದು ತಪ್ಪೇ? ಯಾವಾಗಲೂ ಅಲ್ಲ. ಇದನ್ನು ಹುಡುಗರಿಗೆ ಹೇಳಲು ನಾನು ನಮ್ಮ ಬ್ಯಾರನ್ನನ್ನು ಎಳೆದು ತಂದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ರಸ್ತೆಯಲ್ಲಿ ಹೋದವರು ನೋಡಿರುತ್ತಾರೆ: ಹೊಲದ ನಡುವೆ ಕಿಟಕಿಯಿಲ್ಲದ ಎತ್ತರದ ಮನೆಗಳು. ಅವೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಹೊರಗೆ ಒಲೆ, ಒಳಗೆ ನೆಲದಗುಂಟ ಬಿಸಿಗಾಳಿಯ ಕೊಳವೆ, ಮೇಲೆ ಸಾಲು ಸಾಲಾಗಿ ಕಡ್ಡಿಗೆ ಕಟ್ಟಿ ನೇತುಹಾಕಿದ ಸೊಪ್ಪು. ಒಂದು ಸಲಕ್ಕೆ ಐದಾರು ದಿನ ಹಗಲು ರಾತ್ರಿ ಬೆಂಕಿ ಕಾಯಬೇಕು. ಥರ್ಮಾಮೀಟರ್ ಫ್ಯಾರನ್‌ಹೀಟ್‌ನಲ್ಲಿರುತ್ತದೆ. ಮೊದಲು ನೂರರ ಆಸುಪಾಸಿನಲ್ಲಿ ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಮೆಲ್ಲಗೆ ಏರಿಸುತ್ತ ಎಲೆ ಒಣಗಿಸಬೇಕು, ಕೊನೆಗೆ ನೂರ ಅರವತ್ತರ ಹತ್ತಿರ ಎಲೆಯ ನಡುದಂಟು ಒಣಗಬೇಕು.

ಮಳೆ ಬಂದು ತಣ್ಣಗಾದ ಬ್ಯಾರನ್‌ಗೆ ಬೆಂಕಿ ಹಾಕಿ. ಹಿಂದಿನ ಸೊಪ್ಪು ಇಳಿಸಿದ ಬಿಸಿ ಇನ್ನೂ ಆರದ ಬ್ಯಾರನ್‌ಗೂ ಅಷ್ಟೇ ಬೆಂಕಿ ಹಾಕಿ. ಮೊದಲು ಎರಡರ ನಡುವೆ ಇಪ್ಪತ್ತು ಡಿಗ್ರಿ ಅಂತರವಿರಬಹುದು. ಆದರೆ ಒಂದೇ ಸಮನೆ ಒಂದೇ ಬೆಂಕಿ ಉರಿಯುತ್ತಿದ್ದರೆ ಆ ಅಂತರ ಕರಗುತ್ತ ಹೋಗುತ್ತದೆ. ಇಂಥ ವ್ಯವಸ್ಥೆಗೆ ಒಂದು ‘ಟೈಮ್ ಕಾನ್‌ಸ್ಟಂಟ್’ ಇರುತ್ತದೆ. ಅಷ್ಟು ಹೊತ್ತು ಕಳೆದರೆ ಮೊದಲಿನ ಅಂತರದಲ್ಲಿ ನೂರಕ್ಕೆ 37 ಭಾಗ ಉಳಿಯುತ್ತದೆ. ಅದರ ಎರಡರಷ್ಟು ಹೊತ್ತಿಗೆ ಸುಮಾರು 14. ಐದರಷ್ಟು ಹೊತ್ತಿಗೆ ಒಂದು ಭಾಗವೂ ಇಲ್ಲ. ಆಮೇಲೆ ಒಳಗೆ ಬಂದವನಿಗೆ ಯಾವ ಬ್ಯಾರನ್ ತಣ್ಣಗಿತ್ತು, ಯಾವುದು ಬಿಸಿಯಿತ್ತು ಎಂದು ಗೊತ್ತಾಗುವುದಿಲ್ಲ. ಬ್ಯಾರನ್ ತನ್ನ ಹಳೆಯದನ್ನು ಮರೆಯುತ್ತದೆ. ಇಂಥದ್ದನ್ನು ನಾವು ಸ್ಥಿರ ವ್ಯವಸ್ಥೆ ಎನ್ನುತ್ತೇವೆ. ಇಲ್ಲಿ ಸೊನ್ನೆ ಎಂದುಕೊಂಡರೂ ಕಾದವನಿಗೆ ನಷ್ಟವಿಲ್ಲ.

ಕಬಿನಿ ಮರೆಯುವುದಿಲ್ಲ. ಬಂದದ್ದನ್ನೆಲ್ಲ ಕೂಡಿಸಿಕೊಳ್ಳುವುದೇ ಅದರ ಕೆಲಸ. ಮೂರು ಟಿಎಂಸಿ ಕಡಿಮೆಯಿಂದ ಶುರುವಾದರೆ, ಒಳಹರಿವು ಹೊರಹರಿವು ಎರಡೂ ಒಂದೇ ಆಗಿದ್ದಾಗ, ಅದು ತುಂಬುವ ತನಕ ಆ ಮೂರರ ಕೊರತೆ ಹಾಗೇ ಉಳಿದಿರುತ್ತದೆ. ಕರಗುವುದೂ ಇಲ್ಲ, ಬೆಳೆಯುವುದೂ ಇಲ್ಲ.

ಮೂರನೆಯ ಬಗೆಯೂ ಒಂದಿದೆ. ಅದಕ್ಕೆ ಉದಾಹರಣೆ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ಅಪ್ಪನ ಹಳೆಯ ನೋಟ್‌ಬುಕ್ ಇತ್ತು. ನಮ್ಮ ಕಡೆ ಕೈಸಾಲವೆಂದರೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ ಎರಡು ಪರ್ಸೆಂಟ್. ಕಷ್ಟಕಾಲದಲ್ಲಿ ಮೂರೂ ಆಗುತ್ತದೆ. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತದೆ. ಇಬ್ಬರು ರೈತರನ್ನು ತೆಗೆದುಕೊಳ್ಳಿ. ಅಕ್ಕಪಕ್ಕದ ಹೊಲ, ಒಂದೇ ಮಣ್ಣು, ಒಂದೇ ದುಡಿಮೆ. ಇಬ್ಬರೂ ತಿಂಗಳಿಗೆ ಎರಡು ಸಾವಿರ ತೀರಿಸಬಲ್ಲರು. ಒಬ್ಬನಿಗೆ 80 ಸಾವಿರ ಸಾಲವಿದೆ, ಇನ್ನೊಬ್ಬನಿಗೆ ಒಂದು ಲಕ್ಷ 20 ಸಾವಿರ. ಮೊದಲನೆಯವನ ಬಡ್ಡಿ 1600. ಅವನು ಕಟ್ಟುವ ಎರಡು ಸಾವಿರದಲ್ಲಿ 400 ಅಸಲಿಗೆ ಹೋಗುತ್ತದೆ. ಎರಡನೆಯವನ ಬಡ್ಡಿ 2400. ಎರಡು ಸಾವಿರ ಕಟ್ಟಿದರೂ 400 ಸಾಲಕ್ಕೆ ಸೇರುತ್ತದೆ. ಏಳು ವರ್ಷಕ್ಕೆ ಕೆಲವೇ ತಿಂಗಳು ಮುಂಚೆ, 81ನೇ ತಿಂಗಳ ಹೊತ್ತಿಗೆ, ಮೊದಲನೆಯವನ ಸಾಲ ಹೆಚ್ಚುಕಡಿಮೆ ತೀರಿರುತ್ತದೆ. ಅದೇ ತಿಂಗಳು ಎರಡನೆಯವನ ಸಾಲ ಎರಡು ಲಕ್ಷದ ಹತ್ತಿರ ನಿಂತಿರುತ್ತದೆ.

ಇಬ್ಬರೂ ಕಟ್ಟಿದ ಹಣ ಒಂದೇ. ಒಂದು ತಿಂಗಳೂ ತಪ್ಪಿಸಿಲ್ಲ. ಸರಿಯಾಗಿ ಒಂದು ಲಕ್ಷದಲ್ಲಿ ಕಣ್ಣಿಗೆ ಕಾಣದ ಒಂದು ಗೆರೆ ಇದೆ. ಅದರ ಈಚೆ ಇದ್ದವನು ಏಳುತ್ತಾನೆ, ಆಚೆ ಇದ್ದವನು ಮುಳುಗುತ್ತಾನೆ. ಊರಿನವರು ಒಬ್ಬನನ್ನು ‘ಗೇಯ್ಮೆಗಾರ’ ಎನ್ನುತ್ತಾರೆ, ಇನ್ನೊಬ್ಬನನ್ನು ‘ಕೈಯಲ್ಲಿ ಕಾಸು ನಿಲ್ಲದವನು’ ಎನ್ನುತ್ತಾರೆ. ಸಾಲ ತಿಂಗಳಿಗೊಮ್ಮೆ ಬದಲಾಗುವ ಲೆಕ್ಕವಾದ್ದರಿಂದ ನಮ್ಮ ಶಾಸ್ತ್ರದಲ್ಲಿ ಇದನ್ನು ‘ನಿರಂತರ’ ವ್ಯವಸ್ಥೆ ಎನ್ನುವುದು ಪೂರ್ತಿ ಸರಿಯಲ್ಲ. ಆದರೆ ಸಾಲ ಮಾಡಿದವರ ಮನೆಯಲ್ಲಿ ಹುಟ್ಟಿದವರಿಗೆ ಬಡ್ಡಿ ಹಗಲು ರಾತ್ರಿ ನಿರಂತರವಾಗಿಯೇ ಬೆಳೆಯುತ್ತದೆ ಎಂದು ಗೊತ್ತು.

ತರಗತಿಯಲ್ಲಿ ಈ ಮೂರನ್ನೂ ಒಟ್ಟಿಗೆ ಬರೆದಾಗ ನನಗೇ ಒಂದು ವಿಷಯ ಸ್ಪಷ್ಟವಾಯಿತು. ‘ಎಲ್ಲಿಂದ ಬಂದೆ ಅನ್ನೋದು ಮುಖ್ಯ ಅಲ್ಲ, ಎಲ್ಲಿಗೆ ಹೋಗ್ತೀಯ ಅನ್ನೋದು ಮುಖ್ಯ’ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ‘ಹುಟ್ಟಿದ ಮನೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ’ ಎಂದು ಬೇರೆ ಭಾಷಣಗಳಲ್ಲಿ ಕೇಳುತ್ತೇವೆ. ಎರಡನ್ನೂ ಆರಂಭಿಕ ಸ್ಥಿತಿಯನ್ನು ನೋಡಿ ಮಾತ್ರ ಹೇಳಲಾಗುವುದಿಲ್ಲ. ಶುರುವಿನ ಕೊರತೆ ಕರಗುತ್ತದೋ, ಹಾಗೇ ಉಳಿಯುತ್ತದೋ, ಬೆಳೆಯುತ್ತದೋ ಎಂಬುದು ಆ ಕೊರತೆಯ ಗುಣವಲ್ಲ. ಅದನ್ನು ಹೊತ್ತ ವ್ಯವಸ್ಥೆಯ ಗುಣ. ಹಳ್ಳಿಯ ಕನ್ನಡ ಶಾಲೆಯಿಂದ ಬಂದವಳ ಇಂಗ್ಲಿಷ್ ಒಳ್ಳೆಯ ಕಾಲೇಜಿನಲ್ಲಿ ಎರಡು ವರ್ಷಕ್ಕೆ ಬ್ಯಾರನ್ನಿನ ಶಾಖದಂತೆ ಸರಿಹೋಗಬಹುದು. ನನ್ನದು ಹಾಗೇ ಸರಿಹೋಯಿತು. ಅದೇ ಕೊರತೆ, ಮೊದಲ ಪರೀಕ್ಷೆಯಲ್ಲಿ ಫೇಲಾದವರನ್ನು ಹಿಂದಕ್ಕೆ ತಳ್ಳುತ್ತ ಹೋಗುವ ಜಾಗದಲ್ಲಿ, ಸಾಲದಂತೆ ಬೆಳೆಯಬಹುದು. ನನ್ನ ಜೊತೆ ಸೇರಿದ ಇಬ್ಬರದು ಹಾಗಾಯಿತು.

ಇಷ್ಟು ಹೇಳಿ ಮುಗಿಸಿದ್ದರೆ ಅದು ಒಳ್ಳೆಯ ಪಾಠವಾಗುತ್ತಿತ್ತು. ಆದರೆ ಆ ವಾರ ಊರಿಗೆ ಹೋಗಿದ್ದೆ.

ಸೊಪ್ಪು ಬೇಯಿಸುವ ಕಾಲ. ರಾತ್ರಿ ಬ್ಯಾರನ್ ಮುಂದೆ ಅಣ್ಣ ಬೆಂಕಿ ಕಾಯುತ್ತ ಕೂತಿದ್ದ. ನಾನೂ ಹೋಗಿ ಸೌದೆಯ ಮೇಲೆ ಕೂತೆ.

“ಅದೇನ್ ಓದ್ತಿದ್ದೀಯಮ್ಮಿ ಇಷ್ಟು ವರ್ಸದಿಂದ?” ಎಂದ. ಪ್ರತಿ ವರ್ಷ ಒಂದು ಸಲ ಕೇಳುತ್ತಾನೆ.

ಈ ಸಲ ಉತ್ತರ ಸಿದ್ಧವಿತ್ತು. ಬ್ಯಾರನ್ ಕಥೆಯನ್ನೇ ಹೇಳಿದೆ. ಶುರುವಿನಲ್ಲಿ ಎಷ್ಟೇ ಅಂತರವಿದ್ದರೂ ಒಂದೇ ಬೆಂಕಿ ಹಾಕಿದರೆ ಕೊನೆಗೆ ಒಂದೇ ಆಗುತ್ತದೆ ಎಂದೆ.

“ಬ್ಯಾರನ್ ಆಯ್ತದೆ. ಸೊಪ್ಪು ಆಗಲ್ವಲ್ಲ” ಎಂದ. “ಕುಯ್ಯೋವಾಗ್ಲೇ ಅರ್ಧ ತೀರ್ಮಾನ ಆಗೋಗಿರ್ತದೆ ಕಣಮ್ಮಿ. ಹಣ್ಣಾಗದೆ ಇರೋದ ಕುಯ್ಕೊಂಡ್ ಬಂದು ಎಂಥ ಬೆಂಕಿ ಹಾಕಿದ್ರೂ ಅಷ್ಟೆ. ಬ್ಯಾರನ್‌ನಲ್ಲಿ ಕೆಡಿಸಬೋದು. ಇಲ್ದಿರೋದ ತರಕ್ಕಾಗಲ್ಲ.”

ಅವನು ಹೇಳಿದ್ದು ಸರಿ. ನಾನು ಅಳೆಯುತ್ತಿದ್ದದ್ದು ಗಾಳಿಯ ಶಾಖ. ಅವನು ನೋಡುತ್ತಿದ್ದದ್ದು ಎಲೆ. ಹಳದಿಗೆ ತಿರುಗುವ ಹೊತ್ತಿನಲ್ಲಿ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗಬೇಕು, ಹಸಿರು ಇಳಿಯಬೇಕು. ಅದಕ್ಕೆ ಮೊದಲೇ ಶಾಖ ಏರಿಸಿದರೆ ಹಸಿರು ಎಲೆಯಲ್ಲೇ ನಿಂತುಬಿಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಹೋಗದು. ಹರಾಜಿನಲ್ಲಿ ಅಂಥ ಬೇಲಿಗೆ ಬೆಲೆ ಇಲ್ಲ. ಒಂದೇ ಬೆಂಕಿ ಮಾಗಿದ ಎಲೆಗೆ ಹದವಾದೀತು, ಮಾಗದ ಎಲೆಗೆ ಆತುರವಾದೀತು. ಮೊದಲಿದ್ದುದನ್ನೂ ಈಗ ಹಾಕಿದ್ದನ್ನೂ ಬೇರೆಬೇರೆ ಲೆಕ್ಕ ಹಾಕಿ ಕೂಡಿಸುವ ನಮ್ಮ ರೇಖೀಯ ಸುಖ ಎಲೆಗೆ ಸಲ್ಲುವುದಿಲ್ಲ.

ಅವನು ಒಲೆಗೆ ಇನ್ನೊಂದು ಸೌದೆ ತಳ್ಳಿದ. ಇದನ್ನು ಕೇಳಬೇಕೆಂದು ವರ್ಷಗಳಿಂದ ಅಂದುಕೊಂಡಿದ್ದೆ, ಕೇಳಿಬಿಟ್ಟೆ. “ಅಣ್ಣ, ಆ ವರ್ಷ ಪಿಯುಸಿ ಬಿಟ್ಟಿದ್ದು ಸಾಲಕ್ಕಾ?”

“ನಾನೇ ಬುಟ್ಟೆ. ಯಾರೂ ಬುಡಿಸಲಿಲ್ಲ.”

ಆ ವರ್ಷ ನಾನು ಎಂಟನೇ ಕ್ಲಾಸು. ಸೊಪ್ಪು ಕುಯ್ಯುವ ಹೊತ್ತಿಗೆ ಮಳೆ ಬಿಡದೆ ಹಿಡಿದು ಎಲೆ ಹೊಲದಲ್ಲೇ ಹಾಳಾಗಿತ್ತು. ಅವನು ಸೈನ್ಸ್ ತೆಗೆದುಕೊಂಡು ಮೊದಲ ವರ್ಷ ಮುಗಿಸಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ನಾವಿಬ್ಬರೂ ಒಂದೇ ಮನೆಯಲ್ಲಿ ಹುಟ್ಟಿದವರು, ಒಂದೇ ಶಾಲೆಯಲ್ಲಿ ಓದಿದವರು. ಆರಂಭಿಕ ಸ್ಥಿತಿ ಒಂದೇ. ‘ನೋಡಿ, ಅದೇ ಮನೆಯ ಹುಡುಗಿ ಡಾಕ್ಟರೇಟ್ ಮಾಡುತ್ತಿದ್ದಾಳೆ’ ಎಂದು ನೆಂಟರು ಅವನೆದುರೇ ಹೇಳುತ್ತಾರೆ.

ಬೆಳಿಗ್ಗೆ ಅಪ್ಪನ ನೋಟ್‌ಬುಕ್ ಮತ್ತೆ ತೆಗೆದೆ. ಆ ವರ್ಷದ ಸಾಲ, ಮುಂದಿನ ವರ್ಷದ ಕೂಲಿ ಖರ್ಚು, ಕಟ್ಟಿದ ಬಡ್ಡಿ, ಎಲ್ಲ ಅಪ್ಪನ ಗುಂಡು ಅಕ್ಷರದಲ್ಲಿತ್ತು. ತರಗತಿಗೆ ಮಾಡಿದ ಲೆಕ್ಕವನ್ನೇ ಆ ಅಂಕಿಗಳಿಗೆ ಮಾಡಿದೆ. ನಮ್ಮ ಮನೆ ಗೆರೆಯ ಈಚೆಗೆ ಇತ್ತು. ಬಹಳ ಈಚೆಗಲ್ಲ. ಅಣ್ಣ ಓದುತ್ತಿದ್ದು, ಅವನ ಕೆಲಸಕ್ಕೆ ಆಳು ಇಟ್ಟಿದ್ದರೆ ಎಂದು ಆ ಕೂಲಿಯನ್ನು ಸೇರಿಸಿ ಇನ್ನೊಮ್ಮೆ ಮಾಡಿದೆ. ಆಗ ಮನೆ ಗೆರೆಯ ಆಚೆ ಹೋಗುತ್ತಿತ್ತು. ನನ್ನ ಎಂಜಿನಿಯರಿಂಗ್ ಫೀಸು ಕಟ್ಟುವ ವರ್ಷದ ಹೊತ್ತಿಗೆ ಸಾಲ ಎಷ್ಟಾಗುತ್ತಿತ್ತು ಎಂದೂ ಉತ್ತರ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಪುಸ್ತಕ ನಮ್ಮಿಬ್ಬರನ್ನು ಒಂದೇ ಶುರುವಿನ ಎರಡು ಬೇರೆ ವ್ಯವಸ್ಥೆಗಳೆಂದು ಬರೆಯುತ್ತದೆ. ನೋಟ್‌ಬುಕ್ಕಿನಲ್ಲಿ ನಾವು ಒಂದೇ ಹೊಳೆಯ ಎರಡು ಕಟ್ಟೆಗಳಾಗಿದ್ದೆವು. ಮೇಲಿನ ಕಟ್ಟೆಯ ಹೊರಹರಿವೇ ಕೆಳಗಿನದರ ಒಳಹರಿವು.

ಅಣ್ಣನಿಗೆ ಲೆಕ್ಕ ತೋರಿಸಲಿಲ್ಲ. ಅಪ್ಪನ ಹತ್ತಿರ ಮಾತ್ರ ಕೇಳಿದೆ: ಜಮೀನೇ ಇಲ್ಲದಿದ್ದರೆ ಏನಾಗುತ್ತಿತ್ತು? “ಇರಲಿಲ್ಲವಲ್ಲ, ತಾತನ ಕಾಲಕ್ಕೆ” ಎಂದರು ಅಪ್ಪ.

ತಾತ ಬೇರೆಯವರ ಹೊಲವನ್ನು ವಾರಕ್ಕೆ ಮಾಡುತ್ತಿದ್ದವನು. ಬೆಳೆದದ್ದರಲ್ಲಿ ಅರ್ಧ ಒಡೆಯರ ಮನೆಗೆ. ಕಾಗದಪತ್ರ ಯಾವುದೂ ಇಲ್ಲ, ಬಾಯಿಮಾತು. 1972ರಲ್ಲಿ ಮುಖ್ಯಮಂತ್ರಿಯಾದವರು ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿ ರದ್ದಾಯಿತು. ತಾತ ಯಾರ ಕೈಯಲ್ಲೋ ಬರೆಸಿ ನಮೂನೆ 7ರ ಅರ್ಜಿ ಹಾಕಿದ. ಭೂ ನ್ಯಾಯಮಂಡಳಿಯ ಮುಂದೆ ಕೆಲವು ವರ್ಷ ಅಲೆದ. ಕೊನೆಗೆ ಎರಡು ಎಕರೆ ಚಿಲ್ಲರೆ ಅವನ ಹೆಸರಿಗಾಯಿತು. 1976ರಲ್ಲಿ ಅದೇ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಭೂಹೀನರ ಕೈಸಾಲಗಳನ್ನು ಮನ್ನಾ ಮಾಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬೆಳೆಯುತ್ತ ಹೋಗುವ ವ್ಯವಸ್ಥೆಯೊಂದರ ಸ್ಥಿತಿಯನ್ನು ಒಂದೇ ಏಟಿಗೆ ಸೊನ್ನೆಗೆ ತಂದಂತೆ.

ನಮ್ಮ ಶಾಸ್ತ್ರದಲ್ಲಿ ಅಂಥ ಏಟಿಗೆ ‘ಇಂಪಲ್ಸ್’ ಎನ್ನುತ್ತಾರೆ. ಕ್ಷಣಮಾತ್ರದ, ಆದರೆ ಬಲವಾದ ತಳ್ಳು. ಅದರ ಬಗ್ಗೆ ಒಂದು ಸಣ್ಣ ಸಂಗತಿ ಇದೆ. ಪರೀಕ್ಷೆಗೆ ಓದುವಾಗ ಅದರ ಮಹತ್ವ ತಿಳಿದಿರಲಿಲ್ಲ. ನಿಂತ ಉಯ್ಯಾಲೆಗೆ ಯಾರೋ ಒಂದು ಸಲ ತಳ್ಳಿ ಹೋಗಿದ್ದಾರೆ. ನೀವು ಮರುಕ್ಷಣ ಬಂದು ನೋಡಿದಿರಿ. ಉಯ್ಯಾಲೆ ಮುಂದೆ ಹೇಗೆ ತೂಗುತ್ತದೆ ಎಂದು ಲೆಕ್ಕ ಹಾಕಲು ನಿಮಗೆ ಅದರ ಆ ಹೊತ್ತಿನ ವೇಗ ಸಾಕು. ಅದನ್ನು ನೀವು ‘ಆರಂಭಿಕ ಸ್ಥಿತಿ’ ಎಂದು ಬರೆಯುತ್ತೀರಿ, ತಳ್ಳಿದವರ ಹೆಸರು ಬರೆಯುವುದಿಲ್ಲ. ಎರಡೂ ಒಂದೇ ಉತ್ತರ ಕೊಡುತ್ತವೆ: ಶುರುವಿನಲ್ಲೇ ಇದ್ದ ವೇಗ ಎಂದುಕೊಳ್ಳಿ, ಅಥವಾ ಸೊನ್ನೆಯಿಂದ ಶುರುವಾಗಿ ಅದೇ ಕ್ಷಣ ಬಿದ್ದ ತಳ್ಳು ಎಂದುಕೊಳ್ಳಿ. ಆಮೇಲಿನದನ್ನು ಮಾತ್ರ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡು ಎಕರೆ ನನಗೆ ಹುಟ್ಟಿನಿಂದ ಇತ್ತು. ಅದು ನಮ್ಮದು ಎಂದೇ ನಾನು ಬೆಳೆದೆ. ಅದು ನಾನು ಹುಟ್ಟುವ ಎಷ್ಟೋ ವರ್ಷ ಮೊದಲು ಬಿದ್ದ ಒಂದು ತಳ್ಳು ಎಂದು ಯೋಚಿಸಿರಲಿಲ್ಲ.

ಊರಿನಿಂದ ಹಿಂದಿರುಗಿದ ಮೇಲೆ ಆ ಹುಡುಗನಿಗೆ ಇದನ್ನು ಹೇಳಿದೆ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ತಾತನ ಅರ್ಜಿ, 1974, ಎಲ್ಲ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, “ನಮ್ಮಜ್ಜಿನೂ ಅದೇ ವರ್ಷ ಹೇಳ್ತಾರೆ ಅಕ್ಕ” ಎಂದ. “ಕಬಿನಿ ಕಟ್ಟೆ ಮುಗಿದಿದ್ದು ಅದೇ ವರ್ಷ ಅಲ್ವಾ? ಅವರ ಊರು ಹಿನ್ನೀರಿನಲ್ಲಿ ಹೋಯ್ತು.”

ಹೌದು, ಕಬಿನಿ ಅಣೆಕಟ್ಟೆ ಪೂರ್ಣವಾದದ್ದು 1974ರಲ್ಲೇ. ಜಗುಲಿಯ ಮೇಲೆ ಅಪ್ಪ ಓದುತ್ತಿದ್ದ ಆ ಪಟ್ಟಿಯ ‘ಇಂದಿನ ಮಟ್ಟ’ದ ಅಡಿಯಲ್ಲಿ ಊರುಗಳಿದ್ದವು. ಇವನ ಅಜ್ಜಿಯ ಮನೆಯವರು ಎತ್ತರದ ಜಾಗಕ್ಕೆ ಬಂದು ಗುಡಿಸಲು ಹಾಕಿದರು. ಕಣ್ಣೆದುರು ನೀರು, ಇವರ ಹೊಲಕ್ಕೆ ಇಲ್ಲ. ಆಚೆ ನಾಗರಹೊಳೆಯ ಕಾಡಿನೊಳಗಿದ್ದ ಹಾಡಿಗಳವರದು ಇನ್ನೂ ಬೇರೆ ಕಥೆ. ಹೈಕೋರ್ಟ್ ಸೂಚನೆಯಂತೆ ಪ್ರೊ. ಮುಜಾಫರ್ ಅಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿ ಕಾಡಿನಿಂದ ಹೊರಬಿದ್ದ 3418 ಆದಿವಾಸಿ ಕುಟುಂಬಗಳನ್ನು ಪಟ್ಟಿ ಮಾಡಿತು. ಅವರಿಗೆ ನಮೂನೆ 7 ಇರಲಿಲ್ಲ. ಅವರು ಯಾರ ಗೇಣಿದಾರರೂ ಆಗಿರಲಿಲ್ಲ.

ಒಂದೇ ಜಿಲ್ಲೆ, ಒಂದೇ ವರ್ಷ. ಒಂದು ತಳ್ಳು ನನ್ನ ತಾತನನ್ನು ಮೇಲಕ್ಕೆತ್ತಿತು, ಇನ್ನೊಂದು ಇವನ ಅಜ್ಜಿಯನ್ನು ಕೆಳಕ್ಕೆ ದೂಡಿತು. ಅದಾಗಿ ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಕೂತಿದ್ದೇವೆ. ಬೋರ್ಡಿನ ಮೇಲೆ ನನ್ನದೇ ಅಕ್ಷರದಲ್ಲಿ ‘ಸೊನ್ನೆ ಎಂದು ಭಾವಿಸಿ’ ಎಂದಿದೆ.

“ಹಂಗಾದ್ರೆ ಏನೂ ಮಾಡಕ್ಕಾಗಲ್ವಾ ಅಕ್ಕ?” ಎಂದು ಕೇಳಿದ. ಅವನಿಗೆ ಸಂಕಟಕ್ಕಿಂತ ಹೆಚ್ಚಾಗಿ ಲೆಕ್ಕದ ಕುತೂಹಲವೇ ಇದ್ದಂತಿತ್ತು.

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಉತ್ತರ ಇದೆ. 1960ರ ಸುಮಾರಿಗೆ ರುಡಾಲ್ಫ್ ಕಾಲ್ಮನ್ ‘ಕಂಟ್ರೋಲಬಿಲಿಟಿ’ ಎಂಬ ಮಾತನ್ನು ತಂದರು. ಈ ಗುಣವಿರುವ ರೇಖೀಯ ವ್ಯವಸ್ಥೆಯನ್ನು ಯಾವ ಆರಂಭಿಕ ಸ್ಥಿತಿಯಿಂದ ಬೇಕಾದರೂ, ಬೇಕಾದ ಸ್ಥಿತಿಗೆ, ಬೇಕಾದ ಸಮಯದಲ್ಲಿ ಒಯ್ಯಬಹುದು. ತಕ್ಕ ಇನ್‌ಪುಟ್ ಕೊಡಬೇಕು, ಅಷ್ಟೇ. ಸಾಲದ ಲೆಕ್ಕಕ್ಕೂ ಈ ಗುಣವಿದೆ. ಆ ಎರಡನೆಯ ರೈತ ಎರಡು ಸಾವಿರದ ಬದಲು ಮೂರು ಸಾವಿರ ಕಟ್ಟುವಂತಿದ್ದರೆ ಅವನೂ ಈಚೆ ಬರುತ್ತಾನೆ. ಆದರೆ ಇದರ ಜೊತೆಗೆ ಇನ್ನೊಂದು ಫಲಿತಾಂಶವಿದೆ. ಶುರು ಎಷ್ಟು ದೂರವೋ, ಕೊಟ್ಟ ಸಮಯ ಎಷ್ಟು ಕಡಿಮೆಯೋ, ಬೇಕಾಗುವ ಶಕ್ತಿ ಅಷ್ಟು ಹೆಚ್ಚು. ಎಲ್ಲರಿಗೂ ಅದೇ ನಾಲ್ಕು ವರ್ಷ, ಅದೇ ಪಾಠ ಎಂದರೆ ದೂರದಿಂದ ಬಂದವರಿಂದ ನಾವು ಹೆಚ್ಚು ಶಕ್ತಿ ಕೇಳುತ್ತಿದ್ದೇವೆ ಎಂದರ್ಥ. ಅದು ಅವರ ಮೈಯಿಂದಲೋ, ಮನೆಯ ಇನ್ನೊಬ್ಬರ ಮೈಯಿಂದಲೋ ಬರಬೇಕು.

ಇದನ್ನು ಹೇಳುವಾಗ ನನಗೆ ಒಲೆಯ ಮುಂದೆ ಕೂತ ಅಣ್ಣ ಕಾಣುತ್ತಿದ್ದ.

ಸೆಮಿಸ್ಟರ್‌ನ ಕೊನೆಯ ಟ್ಯುಟೋರಿಯಲ್‌ಗೆ ಹೊಸ ಲೆಕ್ಕಗಳನ್ನು ಮಾಡಿಕೊಂಡು ಹೋದೆ. ಒಂದು ಬ್ಯಾರನ್‌ದು, ಒಂದು ಕಬಿನಿಯದು, ಒಂದು ಸಾಲದ್ದು. ಬೋರ್ಡಿನಲ್ಲಿ ಹಳೆಯ ಸಾಲಿನ ಜಾಗದಲ್ಲಿ ‘ಆರಂಭಿಕ ಸ್ಥಿತಿ: ಕೊಟ್ಟಿದೆ’ ಎಂದು ಬರೆದು ಪಕ್ಕದಲ್ಲಿ ಅಂಕಿ ಹಾಕಿದೆ.

ಹಿಂದಿನ ಬೆಂಚಿನಿಂದ ಅವನ ದನಿ ಬಂತು. “ಕೊಟ್ಟಿದ್ದಲ್ಲ ಅಕ್ಕ. ತಗೊಂಡಿದ್ದಾದ್ರೆ?”

ಕೆಲವರು ನಕ್ಕರು. ನಾನು, “ಮೈನಸ್ ಹಾಕ್ಕೋ. ಸಮೀಕರಣಕ್ಕೇನೂ ಅಡ್ಡಿಯಿಲ್ಲ” ಎಂದೆ.

ಅವನು ಅಂಕಿಯ ಹಿಂದೆ ಒಂದು ಗೆರೆ ಎಳೆದುಕೊಂಡು ಲೆಕ್ಕ ಶುರು ಮಾಡಿದ.